“ಐ ಆ್ಯಮ್ ನೋಯಿಂಗ್ ಟ್ಯಾಲಿ” ಯಾಕೆ ತಪ್ಪು, “ಐ ಆ್ಯಮ್ ಸ್ಟೇಯಿಂಗ್ ಇನ್ ಅ ಪಿಜಿ” ಯಾಕೆ ಸರಿ?

ಈ ಪ್ರಶ್ನೆ ಕಳ್ಸಿರೋದು ಹಾವೇರಿ ಕಡೆಯ ಒಬ್ಬ ಹೆಣ್ಮಗಳು. ಪಿಯುಸಿ ತನಕ ಕನ್ನಡ ಮೀಡಿಯಂ, ಆಮೇಲೆ ಬಿಕಾಂ, ಎರಡು ವರ್ಷ ಹುಬ್ಬಳ್ಳಿಲಿ ಒಬ್ಬ ಆಡಿಟರ್ ಹತ್ರ ಕೆಲಸ, ಈಗ ಬೆಂಗಳೂರಿಗೆ ಬಂದು ಅಕೌಂಟ್ಸ್ ಕೆಲಸ ಹುಡುಕ್ತಾ ಇದ್ದಾರೆ. ಮೊದಲನೇ ಇಂಟರ್ವ್ಯೂನಲ್ಲಿ ತಮ್ಮ ಬಗ್ಗೆ ನಾಲ್ಕು ಮಾತು ಹೇಳಿದ್ರಂತೆ: “ಐ ಆ್ಯಮ್ ಹ್ಯಾವಿಂಗ್ ಟೂ ಇಯರ್ಸ್ ಎಕ್ಸ್‌ಪೀರಿಯೆನ್ಸ್. ಐ ಆ್ಯಮ್ ನೋಯಿಂಗ್ ಟ್ಯಾಲಿ. ಐ ಆ್ಯಮ್ ಸ್ಟೇಯಿಂಗ್ ಇನ್ ಅ ಪಿಜಿ. ಮೈ ಫಾದರ್ ಈಸ್ ಡೂಯಿಂಗ್ ಅಗ್ರಿಕಲ್ಚರ್.” (ಟ್ಯಾಲಿ ಅಂದ್ರೆ ಕಂಪ್ಯೂಟರಲ್ಲಿ ಲೆಕ್ಕಪತ್ರ ಬರೆಯೋ ಸಾಫ್ಟ್‌ವೇರ್.) ಎದುರಿಗಿದ್ದೋರು ಮೊದಲ ಎರಡನ್ನ ಅಲ್ಲೇ ತಿದ್ದಿದ್ರು, ಮೂರನೇದನ್ನ ಮುಟ್ಲಿಲ್ಲ, ನಾಲ್ಕನೇದಕ್ಕೆ ಒಂದ್ ನಿಮಿಷ ತಡೆದು “ಅಂದ್ರೆ ಮೊದಲು ಬೇರೆ ಏನಾದ್ರೂ ಮಾಡ್ತಿದ್ರಾ?” ಅಂತ ಕೇಳಿದ್ರು. ಇವ್ರ ಪ್ರಶ್ನೆ ಇಷ್ಟು: “ಸರ್, ನಾಲ್ಕೂ ಇವತ್ತಿಗೂ ನಿಜ. ಟ್ಯಾಲಿ ಈಗ್ಲೂ ಗೊತ್ತು, ಪಿಜಿಲಿ ಈಗ್ಲೂ ಇದ್ದೀನಿ. ಹಾಗಿದ್ಮೇಲೆ ಒಂದು ತಪ್ಪು, ಇನ್ನೊಂದು ಸರಿ ಹೇಗಾಗುತ್ತೆ? ಸಿಂಪಲ್ ಪ್ರೆಸೆಂಟ್ ಯಾವಾಗ, ಕಂಟಿನ್ಯುಯಸ್ ಯಾವಾಗ, ಕನ್ನಡದಲ್ಲಿ ಅರ್ಥ ಆಗೋ ಹಾಗೆ ಹೇಳಿ. ಮುಂದಿನ ವಾರ ಇನ್ನೊಂದು ಇಂಟರ್ವ್ಯೂ ಇದೆ.”

ತುಂಬಾ ಒಳ್ಳೆ ಪ್ರಶ್ನೆ ಇದು, ಯಾಕಂದ್ರೆ ನೀವು ರೂಲ್ ಕೇಳ್ತಿಲ್ಲ, ರೂಲ್ ಹಿಂದೆ ಇರೋ ಕಾರಣ ಕೇಳ್ತಿದ್ದೀರಿ. ಮೊದಲು ಒಂದು ವಿಷಯ ಮನಸ್ಸಿಂದ ತೆಗೆದುಬಿಡಿ. ಸಿಂಪಲ್ (“ಐ ಸ್ಟೇ” ಥರದ್ದು) ಅಂದ್ರೆ “ಯಾವಾಗ್ಲೂ”, ಕಂಟಿನ್ಯುಯಸ್ (“ಐ ಆ್ಯಮ್ ಸ್ಟೇಯಿಂಗ್” ಥರ ಐಎನ್‌ಜಿ ಬರೋದು) ಅಂದ್ರೆ “ಈಗ” ಅಂತ ಹೇಳ್ಕೊಟ್ಟಿರ್ತಾರಲ್ಲ, ಅದು ಅರ್ಧ ಮಾತ್ರ ನಿಜ. ನಿಮ್ಮ ನಾಲ್ಕು ವಾಕ್ಯಾನೂ “ಈಗ” ನಿಜಾನೇ, ಆದ್ರೂ ಎರಡು ತಪ್ಪಾಯ್ತಲ್ಲ. ಅಂದ್ರೆ ಇಂಗ್ಲಿಷ್ ಇಲ್ಲಿ ಗಡಿಯಾರ ನೋಡ್ತಾ ಇಲ್ಲ. ಈ ಸಂಗತಿ ಒಂದು ಕಡೆ ನೆಲೆ ನಿಂತಿರೋದಾ, ಅಥವಾ ಶುರುವಾಗಿ ನಡೀತಾ ಇದ್ದು ಮುಂದೆ ಎಲ್ಲೋ ಮುಗಿಯೋದಾ, ಅದನ್ನ ನೋಡ್ತಾ ಇದೆ. ಐಎನ್‌ಜಿ ಹಾಕಿದ ತಕ್ಷಣ ಕೇಳೋರ ಕಿವಿಗೆ “ಇದು ಸದ್ಯಕ್ಕೆ, ನಡುವೆ ಇದೆ, ಬದಲಾಗಬಹುದು” ಅಂತ ಕೇಳಿಸುತ್ತೆ.

ಇದನ್ನಿಟ್ಕೊಂಡು ನಿಮ್ಮ ಪಿಜಿ ವಾಕ್ಯ ನೋಡಿ. ಪಿಜಿ ಯಾರಿಗೂ ಶಾಶ್ವತ ಅಲ್ಲ, ಕೆಲಸ ಸಿಕ್ಕಿದ್ರೆ ರೂಮ್ ಮಾಡ್ತೀರಿ, ಹಾಗಾಗಿ “ಐ ಆ್ಯಮ್ ಸ್ಟೇಯಿಂಗ್ ಇನ್ ಅ ಪಿಜಿ” ಚೆನ್ನಾಗಿ ಹೊಂದುತ್ತೆ. ಅದೇ ನಿಮ್ಮ ತಂದೆ ತಾಯಿ ಹಾವೇರಿಲಿ ಇರೋದನ್ನ ಹೇಳ್ಬೇಕಾದ್ರೆ “ಮೈ ಪೇರೆಂಟ್ಸ್ ಲಿವ್ ಇನ್ ಹಾವೇರಿ”. “ಆರ್ ಲಿವಿಂಗ್” ಅಂದ್ರೆ ಊರು ಬದಲಾಯಿಸೋ ಯೋಚನೆಲಿ ಇದ್ದಾರೇನೋ ಅನ್ಸುತ್ತೆ. ಮತ್ತೆ ಆ ಸ್ಟೇ ಅನ್ನೋ ಪದದ ಬಗ್ಗೆ ಒಂದು ಮಾತು. ನಮ್ಮಲ್ಲಿ ಮನೆ ಇರೋ ಜಾಗಕ್ಕೂ ಸ್ಟೇ ಅಂತೀವಿ, ಸ್ಕಾಟ್ಲೆಂಡ್ ಜನಾನೂ ಹಾಗೇ ಅಂತಾರೆ, ಆದ್ರೆ ಉಳಿದ ಕಡೆ ಇಂಗ್ಲಿಷರಿಗೆ ಸ್ಟೇ ಅಂದ್ರೆ ಹೋಟೆಲ್ಲಲ್ಲೋ ನೆಂಟರ ಮನೇಲೋ ಕೆಲವು ದಿನ ಉಳ್ಕೊಳ್ಳೋದು. ಸ್ವಂತ ಮನೆಗೆ ಲಿವ್ ಅನ್ನಿ, ಯಾವ ದೇಶದೋರಿಗೂ ಗೊಂದಲ ಆಗಲ್ಲ.

ಈಗ ಅಪ್ಪನ ವಾಕ್ಯ. ಗ್ರಾಮರ್ ಪ್ರಕಾರ “ಈಸ್ ಡೂಯಿಂಗ್ ಅಗ್ರಿಕಲ್ಚರ್” ಮುರಿದು ಬಿದ್ದಿಲ್ಲ, ಆದ್ರೆ ಅರ್ಥ ಜಾರಿಹೋಗಿದೆ. ಜೀವನಪೂರ್ತಿ ಹೊಲದಲ್ಲಿ ದುಡಿದೋರ ಕಸುಬನ್ನ ನೀವು ಗೊತ್ತಿಲ್ದೇ “ಸದ್ಯಕ್ಕೆ ಮಾಡ್ತಿದ್ದಾರೆ” ಅಂತ ಹೇಳಿಬಿಟ್ರಿ, ಅದಕ್ಕೇ ಅವ್ರು ಮೊದಲು ಏನ್ ಮಾಡ್ತಿದ್ರು ಅಂತ ಕೇಳಿದ್ದು. “ಮೈ ಫಾದರ್ ಈಸ್ ಅ ಫಾರ್ಮರ್” ಅನ್ನಿ, ಅದಕ್ಕಿಂತ ಚೆನ್ನಾಗಿರೋ ವಾಕ್ಯ ಬೇಕಿಲ್ಲ. ಅಥವಾ ಏನು ಬೆಳೀತಾರೆ ಅಂತ ಹೇಳಿ, “ಹಿ ಗ್ರೋಸ್ ಮೇಝ್ ಆ್ಯಂಡ್ ಕಾಟನ್”, ಮೆಕ್ಕೆಜೋಳ ಹತ್ತಿ ಬೆಳೀತಾರೆ ಅಂತ.

ಈ ತಪ್ಪು ಎಲ್ಲಿಂದ ಬರುತ್ತೆ ಅಂತ ನಾನು ಬಹಳ ವರ್ಷ ಪಾಠ ಮಾಡ್ತಾ ಮಾಡ್ತಾ ಗಮನಿಸಿದ್ದೀನಿ. ನಮ್ಮ ಮಾತನ್ನೇ ಕೇಳಿಸ್ಕೊಳ್ಳಿ. ಮದುವೆ ಮನೇಲಿ ಹಿರಿಯರು ಸಿಕ್ಕಿದ್ರೆ “ಮಗ ಏನ್ ಮಾಡ್ತಾ ಇದ್ದಾನೆ ಈಗ?” ಅಂತಾರೆ. ಮಗ ಆ ಕ್ಷಣ ಊಟದ ಪಂಕ್ತಿಲಿ ಕೂತು ಹೋಳಿಗೆ ತಿಂತಿರಬಹುದು, ಆದ್ರೆ ಅಪ್ಪ ಹೇಳೋದು “ಬ್ಯಾಂಕಲ್ಲಿ ಕೆಲಸ ಮಾಡ್ತಾ ಇದ್ದಾನೆ” ಅಂತಾನೇ. ಕನ್ನಡದಲ್ಲಿ ಅದು ಪೂರ್ತಿ ಸರಿ. ಇಂಗ್ಲಿಷಲ್ಲಿ ಮಾತ್ರ ಇವೆರಡೂ ಬೇರೆ ಬೇರೆ ಪ್ರಶ್ನೆ, “ವಾಟ್ ಡಸ್ ಹಿ ಡು?” ಅಂದ್ರೆ ಕೆಲಸ ಏನು, “ವಾಟ್ ಈಸ್ ಹಿ ಡೂಯಿಂಗ್?” ಅಂದ್ರೆ ಈಗ ಅಲ್ಲಿ ಏನ್ ಮಾಡ್ತಿದ್ದಾನೆ. ನಾವು ಇನ್ನೊಂದು ಮಾತು ಆಡ್ತೀವಲ್ಲ, “ಅಪ್ಪ ವ್ಯವಸಾಯ ಮಾಡ್ಕೊಂಡಿದ್ದಾರೆ”, “ಅಣ್ಣ ಅಂಗಡಿ ಇಟ್ಕೊಂಡಿದ್ದಾನೆ”, ಈ “ಕೊಂಡಿದ್ದಾರೆ” ಬಂದ್ರೆ ಅದು ನೆಲೆ ನಿಂತ ಬದುಕು ಅಂತ ನಮಗೇ ಗೊತ್ತಾಗುತ್ತೆ. ಅಂಥ ಕಡೆ ಕಣ್ಣು ಮುಚ್ಕೊಂಡು ಸಿಂಪಲ್ ಹಾಕಿ: “ಮೈ ಬ್ರದರ್ ರನ್ಸ್ ಅ ಶಾಪ್.”

ಇನ್ನೊಂದು ಕಡೆನೂ ಎಡವುತೀವಿ. ಸ್ಕೂಲಲ್ಲಿ ಒಂದು ಟೇಬಲ್ ಬಾಯಿಪಾಠ ಮಾಡಿಸಿರ್ತಾರೆ, “ಐ ಡು” ಅಂದ್ರೆ ಮಾಡುತ್ತೇನೆ, “ಐ ಆ್ಯಮ್ ಡೂಯಿಂಗ್” ಅಂದ್ರೆ ಮಾಡುತ್ತಿದ್ದೇನೆ. ಆದ್ರೆ ಆಡೋ ಮಾತಲ್ಲಿ ನಮ್ಮ “ಮಾಡ್ತೀನಿ” ಎರಡು ಕೆಲಸ ಮಾಡುತ್ತೆ. “ದಿನಾ ವಾಕಿಂಗ್ ಮಾಡ್ತೀನಿ” ಅನ್ನೋದು ರೂಢಿ, “ನಾಳೆ ಫೋನ್ ಮಾಡ್ತೀನಿ” ಅನ್ನೋದು ಮುಂದಿನ ಮಾತು. ವ್ಯಾಕರಣ ಪುಸ್ತಕದಲ್ಲಿ ಭವಿಷ್ಯತ್ ಕಾಲಕ್ಕೆ “ಮಾಡುವೆನು” ಅಂತ ಇದೆ, ಬಸ್‌ಸ್ಟಾಪಲ್ಲಿ ಯಾರೂ ಹಾಗೆ ಮಾತಾಡಲ್ಲ. ಹಾಗಾಗಿ ಆ ಟೇಬಲ್ ನಂಬ್ಕೊಂಡೋರು “ಟುಮಾರೋ ಐ ಕಮ್” ಅಂದುಬಿಡ್ತಾರೆ. ಅಲ್ಲಿ “ಐ ವಿಲ್ ಕಮ್” ಅನ್ನಬೇಕು, ಅಥವಾ ಟಿಕೆಟ್ ಬುಕ್ಕಾಗಿದೆ, ಅವ್ರಿಗೂ ಹೇಳಿಯಾಗಿದೆ ಅಂದ್ರೆ “ಐ ಆ್ಯಮ್ ಕಮಿಂಗ್ ಟುಮಾರೋ”. ಹೌದು, ನಾಳೆ ಮಾತಿಗೂ ಕಂಟಿನ್ಯುಯಸ್ ಬರುತ್ತೆ. ಏರ್ಪಾಡು ಈಗಾಗ್ಲೇ ಶುರುವಾಗಿದೆ, ನಾವು ಆ ಏರ್ಪಾಡಿನ ನಡುವೆ ಇದ್ದೀವಿ ಅಂತ ಅದರ ಭಾವ. ಬಸ್ಸು, ರೈಲು, ಪರೀಕ್ಷೆ ಇವುಗಳ ಟೈಮ್‌ಟೇಬಲ್ ಮಾತ್ರ ಸಿಂಪಲ್ಲು, “ದ ಬಸ್ ಲೀವ್ಸ್ ಅಟ್ ಟೆನ್”, ನಮ್ಮ “ಹತ್ತಕ್ಕೆ ಹೊರಡುತ್ತೆ” ಥರಾನೇ.

ಸರಿ, ಈಗ ಮುಖ್ಯ ವಿಷಯಕ್ಕೆ ಬರ್ತೀನಿ, “ಐ ಆ್ಯಮ್ ನೋಯಿಂಗ್ ಟ್ಯಾಲಿ”. ಇದನ್ನ ಕನ್ನಡದಲ್ಲಿ ಹೇಳಿ ನೋಡಿ. “ನನಗೆ ಟ್ಯಾಲಿ ಗೊತ್ತು”. ಈ “ಗೊತ್ತು” ಅನ್ನೋದಕ್ಕೆ “ತಾ ಇದ್ದೀನಿ” ಅಂಟಿಸೋಕೆ ಆಗುತ್ತಾ? ಆಗಲ್ಲ. “ನನಗೆ ಬೇಕು”, ಇದಕ್ಕೆ ಅಂಟಿಸಿ. ಆಗಲ್ಲ. “ನನಗೆ ಇಷ್ಟ”, “ನನಗೆ ನೆನಪಿದೆ”, ಇವುಕ್ಕೂ ಆಗಲ್ಲ. ಇಂಗ್ಲಿಷಲ್ಲಿ ನೋ, ವಾಂಟ್, ಲೈಕ್, ರಿಮೆಂಬರ್ ಇವು ಐಎನ್‌ಜಿ ಬೇಡ ಅನ್ನೋದಕ್ಕೆ ಕಾರಣನೂ ಅದೇ, ಇವು ನಾವು ಮಾಡೋ ಕೆಲಸ ಅಲ್ಲ, ನಮ್ಮಲ್ಲಿ ಇರೋ ಸ್ಥಿತಿ. ತಿಳಿವಳಿಕೆಗೆ ಶುರು, ಮಧ್ಯ, ಕೊನೆ ಅಂತ ಇಲ್ಲ, ಗೊತ್ತು ಅಥವಾ ಗೊತ್ತಿಲ್ಲ, ಅಷ್ಟೇ. ಕನ್ನಡ ಇದನ್ನ ಎಷ್ಟು ಚೆಂದ ಬೇರೆ ಮಾಡಿ ಇಟ್ಟಿದೆ ಅಂದ್ರೆ, ನಾವು ಮಾಡೋ ಕೆಲಸಕ್ಕೆ “ನಾನು” ಅಂತೀವಿ, ನಮಗೆ ಆಗೋದಕ್ಕೆ, ನಮ್ಮಲ್ಲಿ ಇರೋದಕ್ಕೆ “ನನಗೆ” ಅಂತೀವಿ. ನಾನು ನೋಡ್ತೀನಿ, ಆದ್ರೆ ನನಗೆ ಕಾಣುತ್ತೆ. ನಾನು ಹಾಡು ಕೇಳ್ತೀನಿ, ಆದ್ರೆ ನನಗೆ ಸದ್ದು ಕೇಳಿಸುತ್ತೆ. ನಾನು ಯೋಚನೆ ಮಾಡ್ತೀನಿ, ಆದ್ರೆ ನನಗೆ ಹೀಗನ್ಸುತ್ತೆ.

ಇದನ್ನೇ ನಾನು ಪಾಠದಲ್ಲಿ “ನನಗೆ ಟೆಸ್ಟ್” ಅಂತ ಹೇಳ್ಕೊಡೋದು. ಕನ್ನಡದಲ್ಲಿ ವಾಕ್ಯ “ನನಗೆ”, “ಅವ್ರಿಗೆ” ಅಂತ ಶುರುವಾದ್ರೆ ಇಂಗ್ಲಿಷಲ್ಲಿ ಬಹುಪಾಲು ಸಿಂಪಲ್ಲೇ. ನನಗನ್ಸುತ್ತೆ, “ಐ ಥಿಂಕ್”. ಅವ್ರಿಗೆ ಇಬ್ಬರು ಮಕ್ಕಳಿದ್ದಾರೆ, “ದೇ ಹ್ಯಾವ್ ಟೂ ಚಿಲ್ಡ್ರನ್”. ನನಗೆ ಎರಡು ವರ್ಷ ಅನುಭವ ಇದೆ, “ಐ ಹ್ಯಾವ್ ಟೂ ಇಯರ್ಸ್ ಆಫ್ ಎಕ್ಸ್‌ಪೀರಿಯೆನ್ಸ್”. ನಿಮ್ಮ ಮೊದಲ ವಾಕ್ಯ ತಿದ್ದಿದ್ದು ಇದಕ್ಕೇ.

ಆದ್ರೆ ಟೆಸ್ಟಿಗೂ ಮಿತಿ ಇದೆ, ಅದನ್ನೂ ಹೇಳ್ಬೇಕು. ಕನ್ನಡದಲ್ಲಿ ಕೆಲವು “ನನಗೆ” ವಾಕ್ಯಕ್ಕೆ “ತಾ ಇದೆ” ಸೇರ್ಕೊಳ್ಳುತ್ತೆ, ನಾವು ಜಾರೋದು ಅಲ್ಲೇ. “ನನಗೆ ಅರ್ಥ ಆಗ್ತಾ ಇಲ್ಲ” ಅಂತೀವಿ, ಅದನ್ನ ಹಂಗಂಗೇ ಎತ್ತಿಟ್ರೆ “ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್” ಆಗುತ್ತೆ, ಬೇಕಾಗಿರೋದು “ಐ ಡೋಂಟ್ ಅಂಡರ್‌ಸ್ಟ್ಯಾಂಡ್”. ಆನ್‌ಲೈನ್ ಇಂಟರ್ವ್ಯೂನಲ್ಲಿ “ಕೇಳಿಸ್ತಾ ಇಲ್ಲ” ಅನ್ನೋಕೆ “ಐ ಆ್ಯಮ್ ನಾಟ್ ಹಿಯರಿಂಗ್ ಯು” ಅಂತಾರೆ, ಅಲ್ಲಿ “ಐ ಕಾಂಟ್ ಹಿಯರ್ ಯು” ಅನ್ನಿ, ಅದು ಬಾಯಿಗೆ ಬರೋ ತನಕ ಹತ್ತು ಸಲ ಹೇಳ್ಕೊಳ್ಳಿ, ಯಾಕಂದ್ರೆ ನೆಟ್‌ವರ್ಕ್ ಹೋದಾಗ ಗಾಬರಿಲಿ ಯೋಚನೆ ಮಾಡೋಕೆ ಟೈಮ್ ಇರಲ್ಲ. “ಬೇಜಾರಾಗ್ತಾ ಇದೆ”, “ಚಳಿ ಆಗ್ತಾ ಇದೆ” ಥರದ್ದಕ್ಕೆ ಮಾತ್ರ ಇಂಗ್ಲಿಷ್ ಸ್ವಲ್ಪ ಸಡಿಲ, “ಐ ಫೀಲ್ ಕೋಲ್ಡ್”, “ಐ ಆ್ಯಮ್ ಫೀಲಿಂಗ್ ಕೋಲ್ಡ್” ಎರಡೂ ನಡೆಯುತ್ತೆ. ಇನ್ನು ಬಿಲೀವ್, ಲವ್, ಓನ್ ಇವು ಕನ್ನಡದಲ್ಲಿ “ನಾನು ನಂಬ್ತೀನಿ” ಅಂತ ಬಂದ್ರೂ ಇಂಗ್ಲಿಷಲ್ಲಿ ಸಿಂಪಲ್ಲೇ, ಅವನ್ನ ಬೇರೆ ನೆನಪಿಟ್ಕೋಬೇಕು.

ಈಗ ನೀವು ಕೇಳಬಹುದು, ಹಂಗಾದ್ರೆ “ಹ್ಯಾವಿಂಗ್ ಲಂಚ್” ಅಂತಾರಲ್ಲ, “ಥಿಂಕಿಂಗ್” ಅಂತಾರಲ್ಲ ಅಂತ. ಕೆಲವು ಇಂಗ್ಲಿಷ್ ಪದ ಎರಡು ಅರ್ಥ ಹೊತ್ಕೊಂಡಿವೆ. ನಾವು ಎರಡು ಬೇರೆ ಪದ ಬಳಸೋ ಕಡೆ ಇಂಗ್ಲಿಷರು ಒಂದೇ ಪದ ಇಟ್ಕೊಂಡು ಐಎನ್‌ಜಿ ಹಾಕಿ ಅಥವಾ ತೆಗೆದು ಅರ್ಥ ಬದಲಾಯಿಸ್ತಾರೆ. “ಐ ಥಿಂಕ್ ಇಟ್ ಈಸ್ ಎಕ್ಸ್‌ಪೆನ್ಸಿವ್” ಅಂದ್ರೆ ದುಬಾರಿ ಅನ್ಸುತ್ತೆ, “ಐ ಆ್ಯಮ್ ಥಿಂಕಿಂಗ್ ಅಬೌಟ್ ಇಟ್” ಅಂದ್ರೆ ಅದರ ಬಗ್ಗೆ ಯೋಚನೆ ಮಾಡ್ತಾ ಇದ್ದೀನಿ. “ದ ಸಾಂಬಾರ್ ಟೇಸ್ಟ್ಸ್ ಗುಡ್” ಅಂದ್ರೆ ಸಾರು ರುಚಿಯಾಗಿದೆ, “ಮೈ ಮದರ್ ಈಸ್ ಟೇಸ್ಟಿಂಗ್ ದ ಸಾಂಬಾರ್” ಅಂದ್ರೆ ಅಮ್ಮ ಅಂಗೈಗೆ ಒಂದು ಹನಿ ಹಾಕ್ಕೊಂಡು ಉಪ್ಪು ನೋಡ್ತಾ ಇದ್ದಾರೆ. “ಐ ಸೀ” ಅಂದ್ರೆ ಕಾಣುತ್ತೆ ಅಥವಾ ಗೊತ್ತಾಯ್ತು, “ಐ ಆ್ಯಮ್ ಸೀಯಿಂಗ್ ದ ಡಾಕ್ಟರ್ ಟುಡೇ” ಅಂದ್ರೆ ಇವತ್ತು ಡಾಕ್ಟರ್ ಹತ್ರ ತೋರಿಸ್ಕೊಳ್ತೀನಿ.

ಹ್ಯಾವ್ ಕೂಡ ಹಾಗೇ. ಇದೆ ಅನ್ನೋ ಅರ್ಥಕ್ಕೆ ಐಎನ್‌ಜಿ ಬರಲ್ಲ, ತಿನ್ನು, ಕುಡಿ, ನಡೆಸು ಅನ್ನೋ ಅರ್ಥಕ್ಕೆ ಬರುತ್ತೆ. ತಿಂಡಿ ತಿಂತಾ ಇದ್ದೀವಿ, “ವಿ ಆರ್ ಹ್ಯಾವಿಂಗ್ ಬ್ರೇಕ್‌ಫಸ್ಟ್”. ಮೀಟಿಂಗ್ ನಡೀತಾ ಇದೆ, “ವಿ ಆರ್ ಹ್ಯಾವಿಂಗ್ ಅ ಮೀಟಿಂಗ್”. ಇಲ್ಲಿ ತಪ್ಪಿದ್ರೆ ಬರೀ ಗ್ರಾಮರ್ ಅಲ್ಲ, ಅರ್ಥಾನೇ ಬೇರೆ ಆಗೋ ಜಾಗನೂ ಇದೆ. “ಶಿ ಹ್ಯಾಸ್ ಅ ಬೇಬಿ” ಅಂದ್ರೆ ಅವ್ರಿಗೆ ಮಗು ಇದೆ, “ಶಿ ಈಸ್ ಹ್ಯಾವಿಂಗ್ ಅ ಬೇಬಿ” ಅಂದ್ರೆ ಅವ್ರು ಬಸುರಿ ಅಥವಾ ಹೆರಿಗೆ ಆಗ್ತಾ ಇದೆ.

ಬಿ ಅನ್ನೋ ಪದದ್ದು ನನಗೆ ತುಂಬಾ ಇಷ್ಟದ ಉದಾಹರಣೆ. “ಹಿ ಈಸ್ ರೂಡ್” ಅಂದ್ರೆ ಆ ಮನುಷ್ಯನ ಸ್ವಭಾವಾನೇ ಒರಟು. “ಹಿ ಈಸ್ ಬೀಯಿಂಗ್ ರೂಡ್” ಅಂದ್ರೆ ಇವತ್ತು ಯಾಕೋ ಒರಟಾಗಿ ಆಡ್ತಾ ಇದ್ದಾನೆ. ನಾವು “ಯಾಕಪ್ಪ ಹೀಗೆ ಆಡ್ತಿದ್ದೀಯ?” ಅಂತೀವಲ್ಲ, ಆ “ಆಡ್ತಿದ್ದೀಯ” ಇದೇ “ಬೀಯಿಂಗ್”. ಸಿಂಪಲ್‌ಗೂ ಕಂಟಿನ್ಯುಯಸ್‌ಗೂ ಇರೋ ವ್ಯತ್ಯಾಸ ಪೂರ್ತಿ ಇದೊಂದು ಜೋಡಿಲಿ ಸಿಗುತ್ತೆ, ಸ್ವಭಾವ ಒಂದು ಕಡೆ, ಸದ್ಯದ ವರಸೆ ಒಂದು ಕಡೆ. ಹಾಗೇ “ಹಿ ಈಸ್ ಆಲ್ವೇಸ್ ಆಸ್ಕಿಂಗ್ ಫಾರ್ ಮನಿ”. ಆಲ್ವೇಸ್ ಇದ್ರೂ ಐಎನ್‌ಜಿ ಯಾಕೆ ಅಂದ್ರೆ, ಅದು ನಮ್ಮ “ಯಾವಾಗ್ ನೋಡಿದ್ರೂ ದುಡ್ಡು ಕೇಳ್ತಾನೇ ಇರ್ತಾನೆ” ಅನ್ನೋ ಬೇಸರದ ಮಾತು. ಬೇಸರ ಇಲ್ದೇ ಬರೀ ವಿಷಯ ಹೇಳೋದಾದ್ರೆ “ಹಿ ಆಲ್ವೇಸ್ ಆಸ್ಕ್ಸ್”.

ಉಲ್ಟಾ ಕೇಸ್ ಒಂದಿದೆ, ಕಣ್ಣೆದುರೇ ನಡೀತಿದ್ರೂ ಸಿಂಪಲ್ ಬರೋದು. ಕ್ರಿಕೆಟ್ ಕಾಮೆಂಟರಿಲಿ “ಹಿ ಬೌಲ್ಸ್”, “ಹಿ ಹಿಟ್ಸ್” ಅಂತಾರೆ, ಹೇಳೋ ಅಷ್ಟರಲ್ಲಿ ಆ ಹೊಡೆತ ಮುಗಿದಿರುತ್ತೆ, ನಡುವೆ ಅನ್ನೋದಕ್ಕೆ ಜಾಗಾನೇ ಇಲ್ಲ. ಮಾತೇ ಕೆಲಸ ಆಗೋ ಕಡೆನೂ ಹಾಗೇ, “ಐ ಪ್ರಾಮಿಸ್”, “ಐ ಅಪಾಲಜೈಸ್”, “ಐ ರಿಕ್ವೆಸ್ಟ್”. ಮಂತ್ರಿಗಳು “ಪ್ರಮಾಣ ಮಾಡುತ್ತೇನೆ” ಅಂತಾರೆ ಹೊರತು “ಮಾಡುತ್ತಿದ್ದೇನೆ” ಅನ್ನಲ್ಲ, ಆ ಮಾತು ಬಾಯಿಂದ ಬಿದ್ದಾಗ್ಲೇ ಪ್ರಮಾಣ ಆಗೋಗುತ್ತೆ. ರಜೆ ಅರ್ಜಿಲಿ “ಐ ಆ್ಯಮ್ ರಿಕ್ವೆಸ್ಟಿಂಗ್ ಯು” ಬದಲು “ಐ ರಿಕ್ವೆಸ್ಟ್ ಯು” ಅಂತ ಬರೀರಿ.

ಪಾಠದಲ್ಲಿ ಪ್ರತಿ ಸಲ ಯಾರಾದ್ರೂ ಕೇಳೋ ಪ್ರಶ್ನೆ, ಮೆಕ್‌ಡೊನಾಲ್ಡ್ಸ್‌ನೋರು 2003ರಿಂದ “ಐ ಆ್ಯಮ್ ಲವಿನ್ ಇಟ್” ಅಂತ ಹಾಕ್ಕೊಂಡಿದ್ದಾರಲ್ಲ, ಅದು ತಪ್ಪಲ್ವಾ? ತಪ್ಪಲ್ಲ, ಬೇಕಂತಲೇ ಮಾಡಿದ್ದು. ಲವ್ ಅನ್ನೋ ಸ್ಥಿತಿಯನ್ನ ಈ ಕ್ಷಣದ ಅನುಭವ ಮಾಡಿ ತೋರಿಸಿದ್ದಾರೆ, ಬಾಯಲ್ಲಿ ಇರುವಾಗ್ಲೇ ಖುಷಿ ಆಗ್ತಾ ಇದೆ ಅನ್ನೋ ಹಾಗೆ. ಹುಟ್ಟಿದಾಗಿಂದ ಇಂಗ್ಲಿಷ್ ಆಡೋರೂ ಲವ್, ಎಂಜಾಯ್, ವಾಂಟ್ ಇಂಥವನ್ನ ಸಡಿಲವಾಗಿ ಹಾಗೆ ಬಳಸ್ತಾರೆ. ನೋ, ಬಿಲಾಂಗ್, ಕನ್ಸಿಸ್ಟ್ ಇವನ್ನ ಬಳಸಲ್ಲ. ಭಾಷೆ ಬದಲಾಗ್ತಾನೇ ಬಂದಿದೆ ನೋಡಿ, ಶೇಕ್ಸ್‌ಪಿಯರ್ 1600ರ ಆಸುಪಾಸಲ್ಲಿ ಬರೆದ ಹ್ಯಾಮ್ಲೆಟ್ ನಾಟಕದಲ್ಲಿ ರಾಜಕುಮಾರ ಪುಸ್ತಕ ಹಿಡ್ಕೊಂಡು ಬರುವಾಗ ಮುದಿ ಮಂತ್ರಿ ಕೇಳೋದು “ವಾಟ್ ಡು ಯು ರೀಡ್, ಮೈ ಲಾರ್ಡ್?” ಅಂತ. ಇವತ್ತಾಗಿದ್ರೆ “ವಾಟ್ ಆರ್ ಯು ರೀಡಿಂಗ್?” ಅಂತಲೇ ಕೇಳ್ಬೇಕಿತ್ತು. ಐಎನ್‌ಜಿ ಬಳಕೆ ಇಷ್ಟು ಬೆಳೆದಿರೋದು ಆಮೇಲಿನ ಶತಮಾನಗಳಲ್ಲಿ. ಅದಕ್ಕೇ ಹೇಳ್ತೀನಿ, ನಮ್ಮೋರು “ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್” ಅಂದಾಗ ನಗೋರ ಮಾತಿಗೆ ಬೆಲೆ ಕೊಡಬೇಡಿ. ಭಾರತದ ಇಂಗ್ಲಿಷಿನಲ್ಲಿ ಎಲ್ಲ ಕಡೆ ಕಾಣೋ ಬಳಕೆ ಅದು, ಅದರ ಹಿಂದೆ ನಮ್ಮ ಭಾಷೆಗಳ ವ್ಯಾಕರಣ ಇದೆ, ದಡ್ಡತನ ಇಲ್ಲ. ಇಂಟರ್ವ್ಯೂನಲ್ಲಿ, ಐಇಎಲ್‌ಟಿಎಸ್ ಥರ ಇಂಗ್ಲಿಷ್ ಪರೀಕ್ಷೆಲಿ, ಹೊರದೇಶದ ಕ್ಲೈಂಟಿಗೆ ಬರೆಯೋ ಮೇಲ್‌ನಲ್ಲಿ ಮಾತ್ರ ಅದನ್ನ ತಪ್ಪು ಅಂತಲೇ ಎಣಿಸ್ತಾರೆ, ಹಾಗಾಗಿ ಕಲಿಯೋದು ಕಲೀಲೇಬೇಕು.

ಇನ್ನೊಂದು ಕಾರಣ ಯಾರೂ ಬಾಯಿಬಿಟ್ಟು ಹೇಳಲ್ಲ. ಕಂಟಿನ್ಯುಯಸ್ ಸುಲಭ. ಆ್ಯಮ್, ಈಸ್, ಆರ್ ಮೂರು ಗೊತ್ತಿದ್ರೆ ಸಾಕು, ಐಎನ್‌ಜಿ ಹಾಕ್ಕೊಂಡು ಹೋಗಬಹುದು. ಸಿಂಪಲ್‌ನಲ್ಲಿ “ಹಿ ವರ್ಕ್ಸ್” ಅಂತ ಎಸ್ ಹಾಕ್ಬೇಕು, ಪ್ರಶ್ನೆಗೆ “ಡಸ್ ಹಿ ವರ್ಕ್” ಅಂತ ಡಸ್ ತಂದು ಆ ಎಸ್ ತೆಗೀಬೇಕು, ಇಲ್ಲ ಅನ್ನೋಕೆ “ಡಸಂಟ್”. ಭಯ ಇರೋರು ಗೊತ್ತಿಲ್ದೇನೇ ಐಎನ್‌ಜಿ ಕಡೆ ವಾಲ್ತಾರೆ. ನೀವು ವಾರ ಪೂರ್ತಿ ಡು, ಡಸ್ ಪ್ರಶ್ನೆಗಳನ್ನೇ ಜೋರಾಗಿ ಹೇಳಿ ಅಭ್ಯಾಸ ಮಾಡಿ, “ಡು ಯು ಯೂಸ್ ಟ್ಯಾಲಿ ಹಿಯರ್?”, “ಡಸ್ ದ ಕಂಪನಿ ಪ್ರೊವೈಡ್ ಟ್ರೇನಿಂಗ್?” ಥರ. ಆ ಭಯ ಹೋದ್ರೆ ಅರ್ಧ ತಪ್ಪು ತಾನಾಗೇ ಹೋಗುತ್ತೆ. ಮಾತಿನ ಮಧ್ಯೆ ಯಾವುದು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಸಿಂಪಲ್ ಹಾಕಿ, ಇಂಗ್ಲಿಷಲ್ಲಿ ಅದರ ಬಳಕೆನೇ ಬಹಳ ಜಾಸ್ತಿ, ಸರಿ ಆಗೋ ಸಂಭವನೂ ಜಾಸ್ತಿ.

ನಿಮಗೆ ಮುಂದೆ ಬೇಕಾಗೋ ಇನ್ನೊಂದು ವಾಕ್ಯ ಇದೆ. ಕೆಲಸ ಸಿಕ್ಕ ಮೇಲೆ ಯಾರಾದ್ರೂ ಎಷ್ಟು ದಿನದಿಂದ ಇಲ್ಲಿದ್ದೀರಿ ಅಂದ್ರೆ “ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಜೂನ್” ಅನ್ನಬೇಡಿ. ಕನ್ನಡದಲ್ಲಿ “ಜೂನಿಂದ ಮಾಡ್ತಾ ಇದ್ದೀನಿ” ಸರಿ, ಇಂಗ್ಲಿಷಲ್ಲಿ “ಇಂದ” ಬಂದ್ರೆ ಈ ಎರಡೂ ಅಲ್ಲ, ಮೂರನೇದು ಬೇಕು: “ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ ಜೂನ್.”

ನಿಮ್ಮ ಪರಿಚಯ ಹೀಗಿರ್ಲಿ: “ಐ ಕಮ್ ಫ್ರಮ್ ಹಾವೇರಿ. ಮೈ ಫಾದರ್ ಈಸ್ ಅ ಫಾರ್ಮರ್. ಐ ಹ್ಯಾವ್ ಟೂ ಇಯರ್ಸ್ ಆಫ್ ಎಕ್ಸ್‌ಪೀರಿಯೆನ್ಸ್ ಇನ್ ಆ್ಯನ್ ಆಡಿಟರ್ಸ್ ಆಫೀಸ್. ಐ ನೋ ಟ್ಯಾಲಿ ವೆಲ್. ಐ ಆ್ಯಮ್ ಸ್ಟೇಯಿಂಗ್ ಇನ್ ಅ ಪಿಜಿ, ಆ್ಯಂಡ್ ಐ ಆ್ಯಮ್ ಲುಕಿಂಗ್ ಫಾರ್ ಆ್ಯನ್ ಅಕೌಂಟ್ಸ್ ಜಾಬ್.” ಊರು, ಅಪ್ಪನ ಕಸುಬು, ಅನುಭವ, ಟ್ಯಾಲಿ, ಇವು ನಿಮ್ಮ ಜೊತೆ ಇರೋವು, ಎಲ್ಲ ಸಿಂಪಲ್ಲು. ಪಿಜಿ, ಕೆಲಸ ಹುಡುಕೋದು, ಇವೆರಡು ಮಾತ್ರ ಸದ್ಯದ್ದು. ಇಂಟರ್ವ್ಯೂ ಮುಗಿದ ಮೇಲೆ ಥ್ಯಾಂಕ್ಸ್ ಮೇಲ್ ಕಳ್ಸೋದಾದ್ರೆ ಕೊನೇಲಿ “ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು” ಅಂತ ಬರೀರಿ. “ಐ ಆ್ಯಮ್ ಲುಕಿಂಗ್ ಫಾರ್ವರ್ಡ್” ಕೂಡ ತಪ್ಪಲ್ಲ, ಅದು ಪರಿಚಯ ಇರೋರಿಗೆ ಬರೆಯೋ ಸಲುಗೆಯ ಧಾಟಿ. ಕೆಲಸ ಸಿಕ್ಕಿ ಟೀಮಿನೋರ ಜೊತೆ ಒಗ್ಗಿಕೊಂಡ ಮೇಲೆ ಅದನ್ನ ಬಳಸಿ.